ಹನ್ನೊಂದು ಉಗುರು

ಸಾವಿರ ವರ್ಷದ ನಂತರ ಮನುಷ್ಯರು ಹೇಗಿರುತ್ತಾರೆ ಎಂದು ಕೇಳಿದರೆ ನಮ್ಮ ಮನೆಯವರು, “ಈ ವರ್ಷದ ಕಾಫಿ ರೇಟೇ ಗೊತ್ತಿಲ್ಲ, ಸಾವಿರ ವರ್ಷದ ಮಾತು ಬಿಡು” ಎಂದು ನಗುತ್ತಾರೆ. ಆದರೆ ಸಕಲೇಶಪುರದ ಮಳೆಗಾಲ ನಿಮಗೆ ಗೊತ್ತಲ್ಲ! ಕರೆಂಟು ಹೋದರೆ ಎರಡು ದಿನ ಪತ್ತೆಯಿಲ್ಲ. ಅಂಥದೊಂದು ಮಳೆಯಲ್ಲಿ ನಾನು ಓದಿದ್ದು ಜಾನ್ ವಿಂಡಮ್ 1955ರಲ್ಲಿ ಬರೆದ ‘ದಿ ಕ್ರಿಸಲಿಡ್ಸ್’ ಕಾದಂಬರಿ.

ಮಹಾವಿನಾಶವೊಂದು ಕಳೆದು ಎಷ್ಟೋ ಕಾಲದ ಮೇಲಿನ ಕಥೆ. ಕೆನಡಾದ ಲ್ಯಾಬ್ರಡಾರ್‌ನಲ್ಲಿ ಒಂದು ಊರು. ಅಲ್ಲಿ ಬೆಳೆ ಬೇರೆ ಥರ ಬಂದರೆ ಸುಡುತ್ತಾರೆ, ಕರು ಬೇರೆ ಥರ ಹುಟ್ಟಿದರೆ ಕಡಿಯುತ್ತಾರೆ. ಮಗು ಹುಟ್ಟಿದರೂ ಇನ್ಸ್‌ಪೆಕ್ಟರು ಬಂದು ನೋಡಿ ಸರ್ಟಿಫಿಕೇಟು ಕೊಡಬೇಕು. ತಳಿ ಕೆಟ್ಟವರನ್ನು, ಅಂದರೆ ಮ್ಯೂಟೆಂಟ್‌ಗಳನ್ನು, ಊರಾಚೆಯ ಕಾಡಿಗೆ ಅಟ್ಟುತ್ತಾರೆ. ಸೋಫಿ ಎಂಬ ಪುಟ್ಟ ಹುಡುಗಿಯ ಒಂದೊಂದು ಕಾಲಿಗೂ ಆರಾರು ಬೆರಳು. ತಾಯಿ ಅದನ್ನು ಮುಚ್ಚಿಟ್ಟು ಸಾಕುತ್ತಾಳೆ. ಕೊನೆಗೆ ಅವಳನ್ನು ಹಿಡಿದುಕೊಡುವುದು ಬಂಡೆಯ ಮೇಲೆ ಉಳಿದ ಒದ್ದೆ ಹೆಜ್ಜೆಯ ಗುರುತು.

ಅಲ್ಲಿಗೆ ಪುಸ್ತಕ ಮಡಚಿಟ್ಟು ಒಲೆಯ ಮುಂದೆ ಕೂತುಬಿಟ್ಟೆ. ಆಲೂರಿನಲ್ಲಿರುವ ನನ್ನ ನಾದಿನಿಯ ಮಗಳಿಗೆ ಎಡಗೈಯಲ್ಲಿ ಆರು ಬೆರಳು. ಕಿರುಬೆರಳ ಪಕ್ಕದಲ್ಲಿ ಹುರುಳಿಕಾಯಿಯ ತುದಿಯಂಥದೊಂದು. ಹುಟ್ಟಿದಾಗ ನಮ್ಮ ಅತ್ತೆಯವರು, “ಅದೃಷ್ಟವಂತೆ” ಎಂದು ಊರಿಗೆಲ್ಲ ಸಕ್ಕರೆ ಹಂಚಿದ್ದರು. ಅದೇ ಅದೃಷ್ಟ ಇಪ್ಪತ್ತಮೂರು ವರ್ಷವಾಗುವಷ್ಟರಲ್ಲಿ ಐಬಾಯಿತು. ನೋಡಲು ಬಂದ ಗಂಡಿನ ಕಡೆಯ ಹೆಂಗಸೊಬ್ಬರು ತಿಂಡಿ ಮುಗಿಸಿ, ಕೈ ತೊಳೆದು, ಆಮೇಲೆ ಕೇಳಿದರು: “ಮಕ್ಕಳಿಗೂ ಬರುತ್ತಾ?” ಬರಬಹುದು ಎಂದು ಹಾಸನದ ಡಾಕ್ಟರು ಹೇಳಿದ್ದರು. ಬಂದರೂ ತೊಂದರೆಯೇನಿಲ್ಲ, ಬೇಡವೆಂದರೆ ತೆಗೆಸಬಹುದು ಎಂದೂ ಹೇಳಿದ್ದರು. ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ಯಾರಿಗಿತ್ತು?

ತಮಾಷೆಯೆಂದರೆ, ಅವರು ಕಾರು ನಿಲ್ಲಿಸಿದ್ದು ನಮ್ಮ ನಾದಿನಿಯ ಕಾವೇರಿ ಕಾಫಿ ಗಿಡಗಳ ಪಕ್ಕದಲ್ಲಿ! ಬ್ರೆಜಿಲ್‌ನಲ್ಲಿ ಬೂರ್ಬಾನ್ ಕಾಫಿಯ ನಡುವೆ, ಒಂದೇ ವಂಶವಾಹಿ ಬದಲಾಗಿ, ಕುಳ್ಳ ಗಿಡವೊಂದು ಹುಟ್ಟಿತು. ಅದಕ್ಕೆ ಕತುರ್ರಾ ಎಂದು ಹೆಸರು. ತಿಮೋರ್ ದ್ವೀಪದಲ್ಲಿ ಅರೇಬಿಕಾ ರೊಬಸ್ಟಾ ತಾವಾಗಿಯೇ ಕೂಡಿ ಇನ್ನೊಂದು ಗಿಡವಾಯಿತು. ಇವೆರಡರ ಸಂತತಿ ಕಾವೇರಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು 2007ರಲ್ಲಿ ಕೊಟ್ಟ ಚಂದ್ರಗಿರಿಯ ವಂಶದಲ್ಲೂ ಕೋಸ್ಟರಿಕಾದ ಅಂಥದೇ ಒಂದು ಕುಳ್ಳ ತಳಿಯಿದೆ. ನಮ್ಮಲ್ಲಿ ಪಾತಿಯಲ್ಲಿ ಬೇರೆ ಥರ ಎದ್ದ ಸಸಿಯನ್ನು ಕಿತ್ತು ಎಸೆಯುವುದೇ ರೂಢಿ. ಈ ಕುಳ್ಳ ಮಾತ್ರ ಉಳಿದುಕೊಂಡಿತು. ಎಕರೆಗೆ ಹೆಚ್ಚು ಗಿಡ ಹಿಡಿಸುತ್ತದೆ, ಹಣ್ಣು ಕೊಯ್ಯುವ ಹೆಂಗಸರ ಕೈಗೂ ಎಟುಕುತ್ತದೆ. ಲಾಭವಿದ್ದರೆ ಮ್ಯೂಟೆಂಟ್‌ಗೂ ಮರ್ಯಾದೆ.

ಕಾದಂಬರಿಯ ಮೇಲೆ ನನಗೆ ಸಿಟ್ಟು ಬಂದದ್ದೂ ಇದಕ್ಕೇ. ಅದರಲ್ಲಿ ಮನಸ್ಸಿನಿಂದಲೇ ಮಾತಾಡಬಲ್ಲ ಮಕ್ಕಳಿದ್ದಾರೆ. ಅವರೂ ಮ್ಯೂಟೆಂಟ್‌ಗಳೇ, ಆದರೆ ಅವರನ್ನು ಕರೆದೊಯ್ಯಲು ದೂರದೇಶದಿಂದ ವಿಮಾನ ಬರುತ್ತದೆ. ಒಂದು ಬೆರಳು ಹೆಚ್ಚಿದ್ದ ಸೋಫಿಯಿಂದ ಯಾರಿಗೇನು ಉಪಯೋಗ? ಅವಳು ಕಾಡಿನಲ್ಲೇ ಸಾಯುತ್ತಾಳೆ.

ನಮ್ಮ ಭಾವನವರೂ ಅಂದು ಮಾಡಿದ್ದು ಅದನ್ನೇ. “ಹುಡುಗಿ ಬಿ.ಎಸ್ಸಿ., ತೋಟದ ಲೆಕ್ಕ ಬರೀತಾಳೆ, ಜೀಪು ಓಡಿಸ್ತಾಳೆ” ಎಂದು ಆ ಬೆರಳಿಗೆ ತೂಕ ಹಾಕುತ್ತಾ ಕೂತಿದ್ದರು, ಪಾಪ. ಅವಳು ಒಳಗೆ ಬಂದು, “ಅತ್ತೆ, ನನಗೆ ಜೀಪು ಓಡಿಸಕ್ಕೆ ಬರದಿದ್ದರೆ?” ಎಂದಳು. ನನಗೆ ಮಾತೇ ಹೊರಡಲಿಲ್ಲ.

ಅವರಿಂದ ಉತ್ತರ ಬರಲಿಲ್ಲ. ಮುಂದಿನ ತಿಂಗಳು ಬೇಲೂರಿನ ಕಡೆಯವರು ನೋಡಲು ಬರುವವರಿದ್ದರು. ಹಿಂದಿನ ರಾತ್ರಿ ಅವಳು ಚಾವಡಿಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಎಡಗೈ ಕೊನೆಗೆ ಬಂತು. ಆ ಪುಟ್ಟ ಉಗುರಿಗೆ ಕಡ್ಡಿಯಿಂದ ಅದ್ದಿ ಅದ್ದಿ ಹಚ್ಚಿ, ಆರಲೆಂದು ಊದಿದಳು. ಅವಳ ತಾಯಿ ನೋಡಿದರೂ ಏನೂ ಹೇಳದೆ ದೀಪದ ಬತ್ತಿಯನ್ನು ಸ್ವಲ್ಪ ಎತ್ತರಿಸಿದರು.