ವೇದಿಕೆಯ ಎರಡನೇ ಸಾಲು

ಬ್ಯಾಂಕ್ ಅಧಿಕಾರಿಗಳ ಸಂಘದಂಥ ವಿಚಿತ್ರ ಸಂಘ ಇನ್ನೊಂದಿಲ್ಲ. ಬೀಡಿ ಕಟ್ಟುವವರ ಸಂಘಕ್ಕೆ ಎದುರಾಳಿ ಯಾರೆಂದು ಗೊತ್ತು. ಬಸ್ ಕಂಡಕ್ಟರುಗಳ ಸಂಘಕ್ಕೂ ಗೊತ್ತು. ನಮ್ಮಲ್ಲಿ ಹಾಗಲ್ಲ. ವರ್ಗಾವಣೆಯ ಆದೇಶಕ್ಕೆ ಸಹಿ ಹಾಕುವ ಪ್ರಾದೇಶಿಕ ಮ್ಯಾನೇಜರೂ ಸಂಘದ ಸದಸ್ಯರು, ಆ ಆದೇಶ ಓದಿ ತಲೆಯ ಮೇಲೆ ಕೈಹೊತ್ತು ಕೂತವನೂ ಸದಸ್ಯ. ಇಬ್ಬರ ಸಂಬಳದಿಂದಲೂ ತಿಂಗಳು ತಿಂಗಳು ಚಂದಾ ತಾನಾಗಿಯೇ ಮುರಿದುಕೊಳ್ಳುತ್ತದೆ. ಹಗಲಿಡೀ ‘ಈ ಗುಮಾಸ್ತರು ಹೇಳಿದ ಮಾತು ಕೇಳುವುದಿಲ್ಲ’ ಎಂದು ಗೊಣಗಿದ ಬ್ರಾಂಚ್ ಮ್ಯಾನೇಜರು ಸಂಜೆ ಆರು ದಾಟುತ್ತಲೇ ಪ್ರಾದೇಶಿಕ ಕಚೇರಿಯ ಗೇಟಿನ ಮುಂದೆ ಕಪ್ಪು ಬ್ಯಾಡ್ಜು ಚುಚ್ಚಿಕೊಂಡು ‘ಇಂಕ್ವಿಲಾಬ್’ ಎನ್ನುತ್ತಾರೆ. ‘ಜಿಂದಾಬಾದ್’ ಎನ್ನುವಾಗ ಮಾತ್ರ ದನಿ ತುಸು ಇಳಿಯುತ್ತದೆ. ಎದುರಿನ ಟೀ ಅಂಗಡಿಯಲ್ಲಿ ಸಾಲದ ಕಂತು ಬಾಕಿ ಇಟ್ಟುಕೊಂಡ ಗಿರಾಕಿ ನಿಂತು ನೋಡುತ್ತಿರುತ್ತಾನಲ್ಲ.

ಕಾನೂನಿನ ಕಣ್ಣಿಗೂ ನಾವು ಅರ್ಧಂಬರ್ಧ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ ಗುಮಾಸ್ತ ಕಾರ್ಮಿಕನಾಗಿದ್ದ, ಅಧಿಕಾರಿ ಆಗಿರಲಿಲ್ಲ. ಗುಮಾಸ್ತರಿಗೆ 1966ರಲ್ಲೇ ಮೊದಲ ದ್ವಿಪಕ್ಷೀಯ ಒಪ್ಪಂದವಾಯಿತು. ನಮಗೆ ಒಪ್ಪಂದ ಎನ್ನುವ ಮರ್ಯಾದೆಯೂ ಇಲ್ಲ, ‘ಜಾಯಿಂಟ್ ನೋಟ್’ ಅಷ್ಟೇ. ಬ್ಯಾಂಕುಗಳ ಪರ ಮಾತಾಡುವ ಅದೇ ಐ.ಬಿ.ಎ., ಅದೇ ಮೇಜು, ಅದೇ ಬಿಸ್ಕತ್ತು. ಸಹಿ ಬೀಳುವ ಕಾಗದದ ಹೆಸರು ಬೇರೆ. ಸಂಘ ಕಟ್ಟಿಕೊಳ್ಳುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆಯ ಪ್ರಕಾರ ಏಳು ಜನ ಸೇರಿ ಅರ್ಜಿ ಹಾಕಿದರೆ ನೋಂದಣಿಯಾಗುತ್ತಿತ್ತು. ಏಳು ಜನ ಸೇರಿದರೆ ಒಂದು ಸಂಘ, ಎಂಟನೆಯವನು ಬಂದರೆ ಎರಡು ಸಂಘ ಎಂದು ನಮ್ಮ ಹಿರಿಯರೊಬ್ಬರು ಹೇಳುತ್ತಿದ್ದರು. ಸರ್ಕಾರಕ್ಕೂ ಅದು ಹೊಳೆದಿರಬೇಕು. 2001ರ ತಿದ್ದುಪಡಿಯಲ್ಲಿ ಕೆಲಸಗಾರರ ಶೇ. 10 ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕೆಂದು ಬಿಗಿ ಮಾಡಿತು.

ನಾನು ಸೇರಿದ ಕಾಲಕ್ಕೆ ನಮ್ಮ ಸಂಘದ ನಾಯಕತ್ವದಲ್ಲಿ ಯಾವ ಗೋಜಲೂ ಇರಲಿಲ್ಲ. ಬೈಲಾದಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಉಪ ಪ್ರಧಾನ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಸಂಘಟನಾ ಕಾರ್ಯದರ್ಶಿ, ಖಜಾಂಚಿ ಎಂದು ಉದ್ದನೆಯ ಪಟ್ಟಿಯೇನೋ ಇತ್ತು. ವ್ಯವಹಾರದಲ್ಲಿ ಇದ್ದವರು ಒಬ್ಬರೇ, ಜನರಲ್ ಸೆಕ್ರೆಟರಿ. ಎಲ್ಲರ ಬಾಯಲ್ಲೂ ಜೀಎಸ್. ಅಧ್ಯಕ್ಷರು ದೀಪ ಹಚ್ಚುತ್ತಿದ್ದರು, ಖಜಾಂಚಿ ಲೆಕ್ಕ ಓದುತ್ತಿದ್ದರು, ಉಳಿದವರು ಕುರ್ಚಿ ತುಂಬುತ್ತಿದ್ದರು.

ಜೀಎಸ್ ಕರಾವಳಿಯ ಕಡೆಯವರು. ಅರ್ಧ ತೋಳಿನ ಬಿಳಿ ಅಂಗಿ, ಕಿಸೆಯಲ್ಲೊಂದು ಸಣ್ಣ ಡೈರಿ. ಅದರಲ್ಲಿ ಕ್ರಾಂತಿಯ ವಿಚಾರವೇನಾದರೂ ಇದ್ದೀತೆಂದು ಒಮ್ಮೆ ರೈಲಿನಲ್ಲಿ ಪಕ್ಕದಿಂದ ಇಣುಕಿದ್ದೆ. ‘ಶಿರಸಿ ಫೀಲ್ಡ್ ಆಫೀಸರ್, ತಾಯಿಗೆ ಲಕ್ವ, ಊರ ಹತ್ತಿರ.’ ‘ರಾಯಚೂರು, ಮೇ ತಿಂಗಳು ಮದುವೆ, ರಜೆ ಕೊಡ್ತಾ ಇಲ್ಲ.’ ‘ಪಾಟ್ನಾ ಹುಡುಗ, ಊಟ ಹಿಡಿಸ್ತಿಲ್ಲ, ಸುಮ್ಮನೆ ಒಂದು ಫೋನ್ ಮಾಡುವುದು.’ ಪುಟಗಟ್ಟಲೆ ಇದೇ. ನಾನು ಇಣುಕಿದ್ದನ್ನು ಕಂಡು ಡೈರಿ ಮುಚ್ಚಿ, “ಕಾರ್ಲ್ ಮಾರ್ಕ್ಸನನ್ನೂ ಪ್ಯಾರಿಸಿನಿಂದ ಬ್ರಸೆಲ್ಸಿಗೆ ಓಡಿಸಿದರು, ಅಲ್ಲಿಂದಲೂ ಓಡಿಸಿ ಕಡೆಗೆ ಲಂಡನ್ನು ಸೇರಿದ. ಪಾಪ, ಅವನಿಗೊಂದು ಆಫೀಸರ್ಸ್ ಅಸೋಸಿಯೇಶನ್ ಇರಲಿಲ್ಲ ನೋಡು” ಎಂದರು.

ಈ ಅಸೋಸಿಯೇಶನ್ನಿನ ರುಚಿ ನನಗೂ ಹತ್ತಿತ್ತು. ಮಗಳಿಗೆ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ, ನನಗೆ ಜನವರಿಯಲ್ಲಿ ದಿಬ್ರುಗಢಕ್ಕೆ ಆರ್ಡರು. ರಾತ್ರಿ ಹತ್ತೂವರೆಗೆ ಹೆದರುತ್ತಲೇ ಜೀಎಸ್ ಮನೆಗೆ ಫೋನ್ ಹಚ್ಚಿದೆ. “ಊಟ ಆಯ್ತಾ ಮಾರಾಯ?” ಎಂದರು. ಆಗಿಲ್ಲ ಎಂದೆ. “ಮೊದಲು ಊಟ ಮಾಡು. ದಿಬ್ರುಗಢ ಎಲ್ಲಿಗೂ ಓಡಿ ಹೋಗುವುದಿಲ್ಲ. ನೋಡುವ.” ಅದೇ ವಾರ ಆದೇಶ ಏಪ್ರಿಲಿಗೆ ಮುಂದೆ ಹೋಯಿತು, ಏಪ್ರಿಲಿನಲ್ಲಿ ದಿಬ್ರುಗಢ ಹೋಗಿ ದಾವಣಗೆರೆಯಾಯಿತು. ನಮ್ಮ ಮನೆಯಲ್ಲಿ ದೇವರ ಪಟಗಳ ಪಕ್ಕದಲ್ಲಿ ಜೀಎಸ್ ಪಟವನ್ನೂ ಇಡೋಣವೇ ಎಂದು ನನ್ನ ಹೆಂಡತಿ ಕೇಳಿದ್ದು ತಮಾಷೆಗೇನೂ ಅಲ್ಲ.

ದಿಬ್ರುಗಢದ ಕುರ್ಚಿ ಖಾಲಿ ಉಳಿಯಲಿಲ್ಲ. ಅಲ್ಲಿಗೆ ಹೋದವರು ಒಬ್ಬ ಮೌನಿ ಅಧಿಕಾರಿ. ಅವರಿಗೂ ಶಾಲೆಗೆ ಹೋಗುವ ಮಕ್ಕಳಿದ್ದರು. ಅವರೂ ಚಂದಾ ಕಟ್ಟುತ್ತಿದ್ದವರೇ. ಜೀಎಸ್ ಮನೆಯ ನಂಬರು ಅವರ ಬಳಿ ಇರಲಿಲ್ಲ, ಅಷ್ಟೇ. ನಾಯಕತ್ವದ ರಚನೆ ಬದಲಾಗಬೇಕು ಎಂಬುದಕ್ಕೆ ನನಗೆ ಗೊತ್ತಿರುವ ನಿಜವಾದ ಕಾರಣ ಅದೊಂದೇ. ಮಿಕ್ಕಿದ್ದನ್ನೆಲ್ಲ ಭಾಷಣಕ್ಕೆ ಸೇರಿಸಬಹುದು.

ಬದಲಾಗಬೇಕು ಎಂದು ಮೊದಲು ಗಟ್ಟಿಯಾಗಿ ಹೇಳಿದವರು ಐ.ಬಿ.ಪಿ.ಎಸ್. ಮಕ್ಕಳು. 2011ರಲ್ಲಿ ಬಹುತೇಕ ಸರ್ಕಾರಿ ಬ್ಯಾಂಕುಗಳಿಗೆ ಒಂದೇ ಪರೀಕ್ಷೆ ಶುರುವಾದ ಮೇಲೆ ಬಿಹಾರ, ಆಂಧ್ರ, ಕೇರಳಗಳಿಂದ ಬಂದ ಹುಡುಗ ಹುಡುಗಿಯರು ಇವರು. ಬಿ.ಟೆಕ್ ಓದಿದವರು. ಜೀಎಸ್ ಅವರ ಕನ್ನಡ-ತುಳು-ಇಂಗ್ಲಿಷ್ ಮಿಶ್ರಣ ಇವರಿಗೆ ಅರ್ಥವಾಗುತ್ತಿರಲಿಲ್ಲ; ‘ನೋಡುವ’ ಎಂದರೆ ಕೆಲಸವಾಯಿತು ಎಂದು ಇವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು ನೇರವಾಗಿ ಕೇಳಿದರು: ಸರ್, ಸಂಘದ ಲೆಕ್ಕಪತ್ರ ಎಲ್ಲಿ ಸಿಗುತ್ತದೆ? ಮಹಿಳಾ ಅಧಿಕಾರಿಗಳು ಇಷ್ಟು ಜನ ಇದ್ದೇವೆ, ಕೇಂದ್ರ ಸಮಿತಿಯಲ್ಲಿ ನಮ್ಮವರು ಯಾರು? ನಿವೃತ್ತರಾದವರು ಇನ್ನೂ ನಮ್ಮ ಜನರಲ್ ಸೆಕ್ರೆಟರಿ ಹೇಗೆ?

ಕೊನೆಯ ಪ್ರಶ್ನೆಗೆ ಸಭೆಯಲ್ಲಿ ಯಾರೋ ಕೆಮ್ಮಿದರು.

ಆ ಕೆಮ್ಮಿನಿಂದ ಹುಟ್ಟಿದ್ದೇ ಬೈಲಾ ತಿದ್ದುಪಡಿ ಸಮಿತಿ. ಮಿನಿಟ್ಸ್ ಚೆನ್ನಾಗಿ ಬರೆಯುತ್ತಾನೆ ಎಂಬ ಅಪಖ್ಯಾತಿಯಿಂದ ನಾನೂ ಅದರ ಸದಸ್ಯನಾದೆ. ಬೆಂಗಳೂರಿನ ಬಾಡಿಗೆ ಹಾಲೊಂದರಲ್ಲಿ ಮೊದಲ ಸಭೆ. ತಿರುಚ್ಚಿಯ ಕಡೆಯ ಚುರುಕು ಹುಡುಗಿಯೊಬ್ಬಳು ಟ್ರೇಡ್ ಯೂನಿಯನ್ ಕಾಯ್ದೆಯ 22ನೇ ಕಲಮಿನ ಪ್ರಿಂಟ್ ತಂದಿದ್ದಳು. ಸಂಘಟಿತ ವಲಯದ ಸಂಘದಲ್ಲಿ ಹೊರಗಿನವರು ಪದಾಧಿಕಾರಿಗಳ ಮೂರನೇ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ ಎಂದು ಓದಿ, ಗೆದ್ದವಳಂತೆ ತಲೆ ಎತ್ತಿದಳು. “ಅದರ ಕೆಳಗಿನದೂ ಓದು ಮಗಾ” ಎಂದರು ಜೀಎಸ್, ಕನ್ನಡಕವನ್ನೂ ಹಾಕಿಕೊಳ್ಳದೆ. ಕೆಳಗೊಂದು ವಿವರಣೆಯಿತ್ತು. ನಿವೃತ್ತನಾದ ನೌಕರನನ್ನು ಪದಾಧಿಕಾರದ ಮಟ್ಟಿಗೆ ಹೊರಗಿನವನು ಎಂದು ಎಣಿಸತಕ್ಕದ್ದಲ್ಲ. “ಮನೆಯಲ್ಲಿ ನನ್ನ ಹೆಂಡತಿ ನನ್ನನ್ನು ಹೊರಗಿನವ ಅಂತಲೇ ಹೇಳುವುದು. ಪಾರ್ಲಿಮೆಂಟೇ ಒಳಗಿನವ ಅಂತ ಬರೆದುಕೊಟ್ಟ ಮೇಲೆ ನಾನು ಹೇಗೆ ಬಿಡುವುದು ಮಾರಾಯ್ರೆ?” ಹುಡುಗಿಯೂ ನಕ್ಕುಬಿಟ್ಟಳು. ಅವಳು ನಕ್ಕಾಗಲೇ ಅರ್ಧ ತಿದ್ದುಪಡಿ ಬಿದ್ದುಹೋಯಿತು.

ಆದರೂ ಕರಡಿನಲ್ಲಿ ಬರೆದೆವು. ಒಂದೇ ಹುದ್ದೆಯಲ್ಲಿ ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ. ರಹಸ್ಯ ಮತದಾನ. ವರ್ಗಾವಣೆಯ ಅಹವಾಲುಗಳು ಲಿಖಿತವಾಗಿ, ಸರದಿಯಲ್ಲಿ, ಎಲ್ಲರಿಗೂ ಕಾಣುವಂತೆ ಇರಬೇಕು. ಅವಧಿಯ ಮಿತಿಗೆ ನಾನು ಮಾದರಿಯಾಗಿ ತೋರಿಸಿದ್ದು ಬ್ಯಾಂಕಿನ ನಿರ್ದೇಶಕ ಮಂಡಳಿಯನ್ನು. ರಾಷ್ಟ್ರೀಕೃತ ಬ್ಯಾಂಕುಗಳ 1970ರ ಸ್ಕೀಮಿನಲ್ಲಿ ಮಂಡಳಿಯ ಮೇಲೆ ಅಧಿಕಾರಿಗಳ ಪರವಾಗಿ ಒಬ್ಬ ನಿರ್ದೇಶಕನಿಗೆ ಜಾಗವಿದೆ. ಅವನ ಅವಧಿ ಮೂರು ವರ್ಷ, ಎಷ್ಟೇ ಜನಪ್ರಿಯನಾದರೂ ಸತತವಾಗಿ ಆರು ವರ್ಷ ಮೀರುವಂತಿಲ್ಲ. ಸರ್ಕಾರಕ್ಕೇ ಇರುವ ಬುದ್ಧಿ ನಮಗೆ ಬೇಡವೇ ಎಂದೆ. “ಆ ಕುರ್ಚಿ ಈಗ ಎಷ್ಟು ವರ್ಷದಿಂದ ಖಾಲಿ ಉಂಟು?” ಎಂದು ಜೀಎಸ್ ಮೆಲ್ಲಗೆ ಕೇಳಿದರು. ನಿಜ. 2014ರ ಆಚೀಚೆಯಿಂದ ಒಂದೊಂದಾಗಿ ಖಾಲಿಯಾದ ಆ ಜಾಗಗಳನ್ನು ಸರ್ಕಾರ ಬಹುತೇಕ ಬ್ಯಾಂಕುಗಳಲ್ಲಿ ವರ್ಷಗಟ್ಟಲೆ ತುಂಬಲೇ ಇಲ್ಲ. ಅವಧಿಗೆ ಮಿತಿಯಿತ್ತು, ಖಾಲಿ ಬಿಡುವುದಕ್ಕೆ ಇರಲಿಲ್ಲ.

ಮೂರು ವರ್ಷಕ್ಕೊಮ್ಮೆ ನಡೆಯುವ ಮಹಾಧಿವೇಶನದಲ್ಲಿ ಕರಡು ಮಂಡನೆಯಾಯಿತು. ಸಂಘದ ಮಹಾಧಿವೇಶನ ನೋಡದವರಿಗೆ ಹೇಳಬೇಕು: ಅಲ್ಲಿ ಎಲ್ಲವೂ ಊಟದ ಹೊತ್ತಿಗೆ ತೀರ್ಮಾನವಾಗುತ್ತದೆ. ಊಟಕ್ಕೆ ಮೊದಲು ಪ್ರಧಾನ ಕಾರ್ಯದರ್ಶಿ ಹುದ್ದೆಗೆ ಇಬ್ಬರು ಅಭ್ಯರ್ಥಿಗಳಿದ್ದರು. ಮತಪೆಟ್ಟಿಗೆಗೆ ಅರಗು ಹಚ್ಚಿ ಸೀಲು ಒತ್ತಿಯಾಗಿತ್ತು. ಹೋಳಿಗೆ ಊಟದ ನಂತರ ನೋಡಿದರೆ ಒಬ್ಬರೇ. ಇನ್ನೊಬ್ಬರು ‘ಸಂಘದ ಐಕ್ಯತೆಯ ದೃಷ್ಟಿಯಿಂದ’ ಹಿರಿಯ ಉಪಾಧ್ಯಕ್ಷರಾಗಿದ್ದರು. ಹಾಗೊಂದು ಹುದ್ದೆ ಊಟಕ್ಕೆ ಮೊದಲು ಇರಲಿಲ್ಲ. ಮಹಿಳೆಯರ ಬೇಡಿಕೆಗೆ ಮನ್ನಣೆ ಕೊಟ್ಟು ಮಹಿಳಾ ಸಂಚಾಲಕಿ ಎಂಬ ಸ್ಥಾನ ಸೃಷ್ಟಿಯಾಯಿತು; ಮತದಾನದ ಹಕ್ಕಿನ ಬಗ್ಗೆ ಮುಂದಿನ ಸಭೆಯಲ್ಲಿ ಚರ್ಚಿಸುವುದೆಂದು ತೀರ್ಮಾನ. ಉತ್ತರ ಭಾರತದ ಹುಡುಗರು ಗಲಾಟೆ ಮಾಡಿದರು, ಅವರಲ್ಲಿ ಮೂವರು ಸಂಘಟನಾ ಕಾರ್ಯದರ್ಶಿಗಳಾದರು. ಎರಡು ಅವಧಿಯ ಮಿತಿ ಚಪ್ಪಾಳೆಯೊಡನೆ ಪಾಸಾಯಿತು. ಜೀಎಸ್ ಹುದ್ದೆ ಬಿಟ್ಟುಕೊಟ್ಟರು. ಸಭೆ ಎದ್ದು ನಿಂತಿತು. ಅದೇ ಸಭೆ ಅವರನ್ನು ಮುಖ್ಯ ಸಲಹೆಗಾರರನ್ನಾಗಿ ನೇಮಿಸಿತು. ಸಲಹೆಗಾರ ಪದಾಧಿಕಾರಿಯಲ್ಲವಾದ್ದರಿಂದ ಅವಧಿಯ ಮಾತೇ ಬರಲಿಲ್ಲ.

ಗ್ರೂಪ್ ಫೋಟೋ ತೆಗೆಯುವವನು ಮಾತ್ರ ಪರದಾಡಿದ. ಹಿಂದೆ ವೇದಿಕೆಯ ಮೇಲೆ ಒಂದು ಸಾಲು ಕುರ್ಚಿ ಸಾಕಾಗುತ್ತಿತ್ತು, ಈಗ ಎರಡು ಸಾಲು. ಸಾಮಾನ್ಯ ಸದಸ್ಯರೆಂದು ಕೆಳಗೆ ಉಳಿದವರು ಕಡಿಮೆಯಾಗಿ, ನನ್ನ ಪಕ್ಕದವರು “ಇನ್ನೊಂದು ಸುಧಾರಣೆ ಆದರೆ ಘೋಷಣೆ ಕೂಗಲು ಜನ ಸಿಗುವುದಿಲ್ಲ ಸಾರ್” ಎಂದರು.

ಲಿಖಿತ ಅಹವಾಲಿನ ವ್ಯವಸ್ಥೆ ಬಂದದ್ದು ಸುಳ್ಳಲ್ಲ. ಬಿ.ಟೆಕ್ ಹುಡುಗರು ಪೋರ್ಟಲ್ ಮಾಡಿದರು. ದೂರು ಹಾಕಿದ ಕೂಡಲೇ ನಂಬರು ಬರುತ್ತದೆ, ಯಾರ ಮೇಜಿನಲ್ಲಿದೆ ಎಂದು ಕಾಣುತ್ತದೆ. ದಿಬ್ರುಗಢಕ್ಕೆ ಹೋದ ಆ ಮೌನಿಗೆ ಇಂಥದ್ದೊಂದು ಅಂದು ಸಿಕ್ಕಿದ್ದರೆ ನಾನು ಅಲ್ಲಿಗೆ ಹೋಗಬೇಕಾಗುತ್ತಿತ್ತೋ ಏನೋ; ಅದು ನ್ಯಾಯವೇ. ಆದರೆ ರಾತ್ರಿ ಹತ್ತೂವರೆಗೆ ಪೋರ್ಟಲ್ ಊಟ ಆಯ್ತಾ ಎಂದು ಕೇಳುವುದಿಲ್ಲ. ‘ನಿಮ್ಮ ಮನವಿ ಪರಿಶೀಲನೆಯಲ್ಲಿದೆ’ ಎನ್ನುತ್ತದೆ. ಆ ದಿನಗಳಲ್ಲಿ ಹೊಸ ಪ್ರಧಾನ ಕಾರ್ಯದರ್ಶಿಯವರಿಗೆ ಫೋನ್ ಮಾಡಿದರೆ ಅವರು ಸಂಬಂಧಪಟ್ಟ ವಲಯದ ಉಪಾಧ್ಯಕ್ಷರ ನಂಬರು ಕೊಡುತ್ತಿದ್ದರು. ಉಪಾಧ್ಯಕ್ಷರು ಸಂಘಟನಾ ಕಾರ್ಯದರ್ಶಿಯದು. ಆತ ಪೋರ್ಟಲಿನ ವಿಳಾಸ ಕಳಿಸುತ್ತಿದ್ದ. ಜನ ಕೊನೆಗೆ ಗುಟ್ಟಾಗಿ ಸಲಹೆಗಾರರಿಗೇ ಫೋನ್ ಮಾಡುತ್ತಿದ್ದರು. ಅವರು ‘ನೋಡುವ’ ಎನ್ನುತ್ತಿದ್ದರು, ಆದರೆ ಈಗ ನೋಡಲು ಅವರ ಕೈಯಲ್ಲೇನೂ ಇರಲಿಲ್ಲ. ಆಡಳಿತ ಮಂಡಳಿಯಲ್ಲಿ ಅವರ ಕಾಲದವರು ಯಾರೂ ಉಳಿದಿರಲಿಲ್ಲ.

ಎರಡು ಅವಧಿಯ ಮಿತಿ ನಿಜಕ್ಕೂ ಯಾರಿಗಾದರೂ ತಗಲುವ ಮೊದಲೇ ವಿಲೀನ ಬಂತು. ನಮ್ಮ ನಾಡಿನ ಬ್ಯಾಂಕುಗಳಿಗೆ ಏಪ್ರಿಲ್ 1 ಎಂದರೆ ಒಂದು ಥರಾ ತಿಥಿಯೇ. 2017ರಲ್ಲಿ ವಿಶ್ವೇಶ್ವರಯ್ಯನವರ ಕಾಲದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್. ಎಲ್ಲಕ್ಕೂ ಅದೇ ತಾರೀಖು. ಬೇರೆ ಯಾರಾದರೂ ಹೇಳಿದ್ದರೆ ಏಪ್ರಿಲ್ ಫೂಲ್ ಅನ್ನುತ್ತಿದ್ದೆವು, ಗೆಜೆಟ್ಟಿನಲ್ಲಿ ಬಂದಿತ್ತು. ನಮ್ಮದೂ ಅವುಗಳಲ್ಲೊಂದು. ಯಾವುದು ಎಂದು ಹೇಳಿದರೆ ವಾಟ್ಸಾಪ್ ಗ್ರೂಪಿನಲ್ಲಿ ನನಗೆ ಉಳಿಗಾಲವಿಲ್ಲ.

ಬ್ಯಾಂಕುಗಳು ಕೂಡಿದ ಮೇಲೆ ಸಂಘಗಳೂ ಕೂಡಬೇಕಲ್ಲ. ಬ್ಯಾಂಕುಗಳ ಜಮಾ ಖರ್ಚು ಹೊಂದಿಸಿದ್ದು ಸುಲಭ, ಉಪಾಧ್ಯಕ್ಷರನ್ನು ಹೊಂದಿಸುವುದು ಆಗಲಿಲ್ಲ. ಆದ್ದರಿಂದ ಅವರ ಉಪಾಧ್ಯಕ್ಷರೆಲ್ಲರೂ ಇದ್ದರು, ನಮ್ಮವರೆಲ್ಲರೂ ಇದ್ದರು. ಸಂಘಕ್ಕೆ ಹೊಸ ಹೆಸರು, ಹೊಸ ಬೈಲಾ. ಆಗ ಯಾರೋ ಎರಡು ಅವಧಿಯ ಮಿತಿ ನೆನಪಿಸಿದರು. ಸಂಘ ಹೊಸದು, ಆದ್ದರಿಂದ ಎಲ್ಲರ ಅವಧಿಯೂ ಸೊನ್ನೆಯಿಂದ ಶುರು ಎಂದು ವ್ಯಾಖ್ಯಾನ ಬಂತು. ವ್ಯಾಖ್ಯಾನ ಮಾಡಿದವಳು ಆ ಚುರುಕು ಹುಡುಗಿ. ಆಗವಳು ಜಂಟಿ ಕಾರ್ಯದರ್ಶಿ, ಸ್ಕೇಲ್ ತ್ರೀ. ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ, ಕಲಮುಗಳು ಬಾಯಿಪಾಠ. ನನಗಂತೂ ಹೆಮ್ಮೆಯೆನಿಸಿತು.

ಈಗ ನಾನು ಪಿಂಚಣಿದಾರರ ಸಂಘದಲ್ಲಿದ್ದೇನೆ. ಜೀಎಸ್ ಇಲ್ಲಿಯೂ ಜೀಎಸ್, ಡೈರಿಯೂ ಇದೆ. ‘ಮಲ್ಲೇಶ್ವರ, ಲೈಫ್ ಸರ್ಟಿಫಿಕೇಟು, ನಡೆಯಲು ಆಗುವುದಿಲ್ಲ, ಮನೆಗೆ ಹೋಗುವುದು’ ಎಂಬಂಥ ಬರಹಗಳು ಅದರಲ್ಲಿ. ಮೊನ್ನೆಯ ಸಭೆಯಲ್ಲಿ ಈಚೆಗೆ ನಿವೃತ್ತರಾದ ತರುಣರೊಬ್ಬರು (ಅರವತ್ತೊಂದು ನಡೆಯುತ್ತಿದೆ) ಎದ್ದು ನಿಂತು, ನಾಯಕತ್ವದಲ್ಲಿ ಹೊಸ ರಕ್ತ ಬೇಕು, ಪದಾಧಿಕಾರಿಗಳ ವಯಸ್ಸಿಗೊಂದು ಮಿತಿ ಬೇಕು ಎಂದರು. ಎಂಬತ್ತು ಎಂದಿಟ್ಟರೆ ಅಧ್ಯಕ್ಷರು ಹೋಗುತ್ತಾರೆ, ಎಂಬತ್ತೈದು ಎಂದಿಟ್ಟರೆ ಖಜಾಂಚಿ ಒಬ್ಬರೇ ಹೋಗುತ್ತಾರೆ. ಖಜಾಂಚಿಯವರು ಕಿವಿಯ ಯಂತ್ರ ಮನೆಯಲ್ಲಿ ಮರೆತು ಬಂದಿದ್ದರಿಂದ ಚಪ್ಪಾಳೆ ತಟ್ಟಿ ಅನುಮೋದಿಸಿದರು. ಜೀಎಸ್ ನನ್ನ ಕಡೆ ನೋಡಿದರು. ಕರಡು ತಿದ್ದುವ ಕೆಲಸ ಮತ್ತೆ ನನಗೆ ಬಂದಿದೆ. ಹಳೆಯ ಬೈಲಾದ ಪ್ರತಿ, ಕೆಂಪು ಪೆನ್ನು, ವಿಳಾಸ ಬರೆದ ಲಕೋಟೆ ಎಲ್ಲ ಕಳಿಸಿಕೊಟ್ಟಿದ್ದಾರೆ. ಉಪಾಧ್ಯಕ್ಷರ ಸಂಖ್ಯೆ ಬರೆಯುವ ಜಾಗವನ್ನು ಮಾತ್ರ ಮೂರಂಕಿ ಹಿಡಿಸುವಷ್ಟು ಅಗಲವಾಗಿ ಖಾಲಿ ಬಿಟ್ಟಿದ್ದಾರೆ.