ಕೋಟೆಯ ಬುಡದಲ್ಲಿ ಕಾಲ್ಚೆಂಡಾಟ

ಕಲ್ಕತ್ತೆಯಲ್ಲಿ ಮಳೆಗಾಲ ಬಂದಿತೆಂಬುದನ್ನು ತಿಳಿಯಲು ಒಂದು ಕಾಲದಲ್ಲಿ ಪಂಚಾಂಗವನ್ನು ನೋಡಬೇಕಾಗಿರಲಿಲ್ಲ. ಡಾಲ್‌ಹೌಸಿ ಚೌಕದ ಕಚೇರಿಗಳಲ್ಲಿ ಮಧ್ಯಾಹ್ನವಾಗುತ್ತಲೇ ಗುಮಾಸ್ತರಿಗೆ ಸಾಲುಸಾಲಾಗಿ ಹೊಟ್ಟೆನೋವು ಬರಲಾರಂಭಿಸಿದರೆ ಕಾಲ್ಚೆಂಡಿನ ಲೀಗ್ ಪಂದ್ಯಗಳು ಮೊದಲಾದುವೆಂದು ಮೇಲಧಿಕಾರಿಗಳು ತಿಳಿದುಕೊಳ್ಳುತ್ತಿದ್ದರು. ಬಹುಮಟ್ಟಿಗೆ ಮೇಲಧಿಕಾರಿಗಳಿಗೂ ಅದೇ ಹೊಟ್ಟೆನೋವು ಇರುತ್ತಿದ್ದುದರಿಂದ ರಜೆಗೆ ಅಡ್ಡಿಯೇನೂ ಬರುತ್ತಿರಲಿಲ್ಲ. ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ಧೋತರದ ಚುಂಗನ್ನು ಮೇಲೆತ್ತಿ ಸಿಕ್ಕಿಸಿ, ಕಡಲೆಕಾಯಿಯ ಪೊಟ್ಟಣವೊಂದನ್ನು ಜೇಬಿಗಿಳಿಸಿ, ಆ ಬಡಪಾಯಿ ಮೈದಾನದ ಕಡೆಗೆ ದೌಡಾಯಿಸುತ್ತಿದ್ದ.

ಅಲ್ಲಿ ಅವನಿಗಾಗಿ ಕಾದಿರುತ್ತಿದ್ದುದಾದರೂ ಏನು? ಮೋಹನ್ ಬಾಗಾನಿಗೂ ಈಸ್ಟ್ ಬೆಂಗಾಲಿಗೂ ಪಂದ್ಯವೆಂದರೆ ಲಕ್ಷಗಟ್ಟಲೆ ಜನಕ್ಕೆ ನೋಡುವ ಆಸೆ. ಆದರೆ ಮೈದಾನದ ಮರದ ಗ್ಯಾಲರಿಗಳಲ್ಲಿ ಹದಿನೈದು ಇಪ್ಪತ್ತು ಸಾವಿರ ಮಂದಿ ಹಿಡಿಸಿದರೆ ಅದೇ ಹೆಚ್ಚು. ಹಾಗಾಗಿ ಬೆಳಗಿನಿಂದಲೇ ಸರದಿಯ ಸಾಲು. ಸಾಲು ಡೊಂಕಾದರೆ ಕುದುರೆ ಪೋಲೀಸರು ಬಂದು ನೆಟ್ಟಗೆ ಮಾಡುತ್ತಿದ್ದರು. ಕುದುರೆಯ ಕಾಲ್ತುಳಿತಕ್ಕಿಂತ ಅದು ಚಿಮ್ಮಿಸುವ ಕೆಸರಿಗೇ ಜನ ಹೆಚ್ಚು ಅಂಜುತ್ತಿದ್ದರೆಂದು ತೋರುತ್ತದೆ. ಐದಾರು ಗಂಟೆ ನಿಂತಮೇಲೆ ಟಿಕೆಟ್ಟಿನ ಕಿಂಡಿ ಮುಚ್ಚಿಕೊಂಡರೆ ಬರಿಗೈಯಲ್ಲಿ ಮನೆಗೆ ಹಿಂದಿರುಗುವ ಮಾತೇ ಇಲ್ಲ. ಕೆಲವರು ಮರ ಹತ್ತುತ್ತಿದ್ದರು. ಕೆಲವರು ಪಕ್ಕದ ಕೋಟೆಯ ಮಣ್ಣಿನ ಏರಿಯ ಮೇಲೆ ನಿಂತು, ಆಟಗಾರರ ಮೊಣಕಾಲೋ ತಲೆಯೋ ಕಂಡಷ್ಟೇ ಭಾಗ್ಯವೆಂದುಕೊಳ್ಳುತ್ತಿದ್ದರು. ಮೂರನೆಯ ಬಗೆಯವರ ಉಪಾಯವಂತೂ ಮೆಚ್ಚತಕ್ಕದ್ದು. ಉದ್ದನೆಯ ರಟ್ಟಿನ ಕೊಳವೆ. ಅದರ ಮೇಲ್ತುದಿಗೊಂದು, ಕೆಳತುದಿಗೊಂದು ಕನ್ನಡಿ, ಎರಡೂ ಓರೆಯಾಗಿ ಕೂಡಿಸಿದುವು. ಸಮುದ್ರದಡಿಯ ಸಬ್‌ಮರೀನಿನಲ್ಲಿ ಕುಳಿತು ನಾವಿಕರು ಮೇಲಿನ ಹಡಗುಗಳನ್ನು ನೋಡುವ ಯಂತ್ರವೇ ಇದು. ಯುದ್ಧಕ್ಕೆಂದು ಹುಟ್ಟಿದ ಪೆರಿಸ್ಕೋಪನ್ನು ಪ್ರೇಕ್ಷಕರ ಬೆನ್ನ ಹಿಂದೆ ನಿಂತು ಚೆಂಡಾಟ ನೋಡಲು ಬಳಸಿದ ಕೀರ್ತಿ ಕಲ್ಕತ್ತೆಯ ಅಭಿಮಾನಿಗೇ ಸಲ್ಲಬೇಕು. ಕನ್ನಡಿಯ ಅಗಲ ಅಂಗೈಯಷ್ಟು. ಆ ಅಂಗೈಯಗಲದಲ್ಲಿ ಒಮ್ಮೆ ಚೆಂಡು ಕಂಡರೆ ಆಟಗಾರನಿಲ್ಲ, ಆಟಗಾರ ಕಂಡರೆ ಚೆಂಡಿಲ್ಲ.

ಇಷ್ಟೊಂದು ಜನರ ಹಂಬಲಕ್ಕೆ ತಕ್ಕ ಒಂದು ಕ್ರೀಡಾಂಗಣವನ್ನು ಕಟ್ಟಲು ಆ ಮಹಾನಗರಕ್ಕೆ ಏಕೆ ಸಾಧ್ಯವಾಗಲಿಲ್ಲ ಎಂದು ಕೇಳಿದರೆ, ಉತ್ತರಕ್ಕಾಗಿ ಸಿರಾಜುದ್ದೌಲನ ಕಾಲಕ್ಕೆ ಹೋಗಬೇಕಾಗುತ್ತದೆ. 1756ರಲ್ಲಿ ಆತ ಇಂಗ್ಲಿಷರ ಹಳೆಯ ಕೋಟೆಯನ್ನು ಹಿಡಿದ. ಮರುವರ್ಷ ಪ್ಲಾಸಿ ಕದನವನ್ನು ಗೆದ್ದ ಕಂಪನಿಯವರು, ಇನ್ನೊಮ್ಮೆ ಅಂಥ ಆಪತ್ತು ಬಾರದಿರಲೆಂದು ಹೂಗ್ಲಿ ನದಿಯ ದಂಡೆಯಲ್ಲಿ ಹೊಸದಾಗಿ ಫೋರ್ಟ್ ವಿಲಿಯಂ ಕೋಟೆಯನ್ನು ಕಟ್ಟಿದರು. ಕೋಟೆಯ ತೋಪುಗಳ ಗುರಿಗೆ ಅಡ್ಡಬರುವಂಥದೇನೂ ಇರಬಾರದೆಂದು ಸುತ್ತಲ ಕಾಡನ್ನು ಕಡಿಸಿ ಬಯಲು ಮಾಡಿದರು. ಆ ಬಯಲೇ ಮೈದಾನ. ಅದರ ಒಡೆತನ ಸೇನೆಯದು. ಅದರ ಮೇಲೆ ಸ್ಥಿರವಾದ ಕಟ್ಟಡವೇಳಕೂಡದೆಂಬುದು ಕಟ್ಟಳೆ. ತಮಾಷೆಯೆಂದರೆ, ಆ ಹೊಸ ಕೋಟೆಯ ತೋಪುಗಳು ಶತ್ರುವಿನ ಮೇಲೆ ಒಂದು ಗುಂಡನ್ನೂ ಹಾರಿಸಿದುದಿಲ್ಲ. ಹಾರದ ಗುಂಡಿಗೆಂದು ತೆರವಾಗಿಟ್ಟ ಜಾಗದಲ್ಲಿ, ಇನ್ನೂರು ವರ್ಷಗಳ ಮೇಲೆ, ಒಂದು ಗಾರೆಯ ಮೆಟ್ಟಿಲು ಕಟ್ಟಲು ಅಪ್ಪಣೆ ಸಿಕ್ಕುವುದು ದುಸ್ತರವಾಯಿತು! ಕ್ಲಬ್ಬುಗಳ ಕಚೇರಿಗಳು ಕೂಡ ಹೆಸರಿಗಾದರೂ ಡೇರೆಗಳೇ ಆಗಿರಬೇಕಾಯಿತು. ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್, ಒಬ್ಬರ ಮುಖವನ್ನೊಬ್ಬರು ನೋಡಲಾರದ ಈ ಎರಡು ಮನೆತನಗಳು, ಬಹುಕಾಲ ಒಂದೇ ಆಟದ ಬಯಲನ್ನು ಹಂಚಿಕೊಂಡು ದಾಯಾದಿಗಳ ಹಾಗೆ ಬಾಳಿದುವು.

ದಾಯಾದಿಗಳೆಂಬ ಮಾತು ಇಲ್ಲಿ ಅತಿಶಯೋಕ್ತಿಯಲ್ಲ. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್, 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಗೋರಾ ಸೋಲ್ಜರುಗಳನ್ನು ಎರಡು ಗೋಲುಗಳಿಗೆ ಒಂದರಂತೆ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಾಗ ಇಡೀ ದೇಶ ಎದೆಯುಬ್ಬಿಸಿತ್ತು. ಅಂದೂ ಜಾಗವಿರಲಿಲ್ಲ, ಆಟ ಕಾಣದ ಹಿಂದಿನವರಿಗೆ ಗಾಳಿಪಟ ಹಾರಿಸಿ ಗೋಲಿನ ಲೆಕ್ಕ ತಿಳಿಸಿದರಂತೆ. 1920ರಲ್ಲಿ ಈಸ್ಟ್ ಬೆಂಗಾಲ್ ಹುಟ್ಟಿತು. 1947ರಲ್ಲಿ ದೇಶ ಒಡೆದು, ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ಸಾವಿರಾರು ಸಂಸಾರಗಳಿಗೆ ಊರು ಹೋಗಿ ಊರಿನ ಹೆಸರು ಮಾತ್ರ ಉಳಿದಿದ್ದುದು ಈ ಒಂದು ಅಂಗಿಯ ಮೇಲೆ. ಕೆಂಪು ಹಳದಿಯ ಅಂಗಿ ಗೆದ್ದ ದಿನ ನಿರಾಶ್ರಿತರ ಬಿಡಾರಗಳಲ್ಲಿ ಇಲಿಷ್ ಮೀನಿನ ಸಾರು. ಮೆರೂನು ಹಸಿರಿನ ಅಂಗಿ ಗೆದ್ದ ದಿನ ಹಳೆಯ ಕಲ್ಕತ್ತೆಯವರ ಮನೆಗಳಲ್ಲಿ ಸೀಗಡಿ. ಮಾರುಕಟ್ಟೆಯಲ್ಲಿ ಮೀನಿನ ಬೆಲೆ ಪಂದ್ಯದ ಫಲಿತಾಂಶವನ್ನು ಕೇಳಿಕೊಂಡೇ ಏರುತ್ತಿತ್ತೆಂದು ಹೇಳುವರು.

ಕನ್ನಡನಾಡಿಗೂ ಈ ಕತೆಯಲ್ಲೊಂದು ಪಾಲುಂಟು. ಬೆಂಗಳೂರಿನ ಅಹಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಇವರೊಡನೆ ಸೇರಿದ ಮುಂಪಂಕ್ತಿಯ ಐವರನ್ನು ಜನ ಪಂಚಪಾಂಡವರೆಂದೇ ಕರೆದರು. ಚೆಂಡನ್ನು ಕಾಲಿಗಂಟಿಸಿಕೊಂಡು ಎದುರಾಳಿಗಳನ್ನು ಮರುಳುಗೊಳಿಸುತ್ತಿದ್ದ ಅಹಮದರಿಗೆ ಹಾವಾಡಿಗನೆಂಬ ಬಿರುದು. 1949, 1950, 1951, ಮೂರು ವರ್ಷವೂ ಷೀಲ್ಡು ಅವರದೇ. ಬೆಂಗಳೂರಿನ ಅರುಮೈನಾಯಗಂ ಇನ್ನೊಂದು ಮನೆಗೆ, ಎಂದರೆ ಮೋಹನ್ ಬಾಗಾನಿಗೆ ಆಡಿ ಹೆಸರಾದರು. 1962ರಲ್ಲಿ ಜಕಾರ್ತದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿಯೂ ಇದ್ದರು. ಇಂಥವರ ಆಟವನ್ನು ಅಂಗೈಯಗಲದ ಕನ್ನಡಿಯಲ್ಲಿ ನೋಡಿ ತೃಪ್ತಿಪಡಬೇಕಾಗಿ ಬಂದವನ ಸಂಕಟ ಎಂಥದೆಂದು ಊಹಿಸಬಹುದು.

ಕ್ರೀಡಾಂಗಣ ಬೇಕೆಂಬ ಕೂಗು ಹೊಸದಲ್ಲ. ಸ್ವಾತಂತ್ರ್ಯ ಬಂದಮೇಲೆ ಅದಕ್ಕೆ ನಂಬಿಕೆಯ ಬಲವೂ ಬಂದಿತು. ಕೋಟೆ ನಮ್ಮದು, ಸೇನೆ ನಮ್ಮದು, ಸರಕಾರ ನಮ್ಮದು, ಇನ್ನೇಕೆ ತಡ? 1948ರಿಂದ 1962ರಲ್ಲಿ ತಾವು ತೀರಿಕೊಳ್ಳುವವರೆಗೆ ಮುಖ್ಯಮಂತ್ರಿಯಾಗಿದ್ದ ಡಾಕ್ಟರ್ ಬಿಧಾನಚಂದ್ರ ರಾಯರು ಸಾಮಾನ್ಯರಲ್ಲ. ದುರ್ಗಾಪುರದಲ್ಲಿ ಉಕ್ಕಿನ ಕಾರ್ಖಾನೆ, ಕಲ್ಯಾಣಿಯಲ್ಲಿ ಹೊಸ ಪಟ್ಟಣ ಎದ್ದು ನಿಂತುದು ಅವರ ಕಾಲದಲ್ಲಿಯೇ. ಆದರೆ ಕ್ರೀಡಾಂಗಣ ಏಳಲಿಲ್ಲ. ಜಾಗ ಕೊಡಬೇಕಾದುದು ದೆಹಲಿಯ ರಕ್ಷಣಾ ಇಲಾಖೆ; ಹಣ ಹೂಡಬೇಕಾದುದು ರಾಜ್ಯ ಸರಕಾರ. ಜಾಗ ಸಿಕ್ಕದೆ ಹಣ ಹೊರಡದು, ಹಣ ಹೊರಡದೆ ಜಾಗದ ಮಾತು ಮುಂದೆ ಸಾಗದು. ಹುಚ್ಚು ಬಿಡುವವರೆಗೆ ಮದುವೆಯಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂಬ ಗಾದೆಯನ್ನು ಕಟ್ಟಿದವರು ಸರಕಾರಿ ಕಡತವನ್ನು ನೋಡಿಯೇ ಕಟ್ಟಿದ್ದಿರಬೇಕು.

ಅಭಿಮಾನಿಗಳನ್ನು ಹೆಚ್ಚು ಚುಚ್ಚಿದುದು ನೆರೆಮನೆಯ ಸಿರಿ. 1951ರಲ್ಲಿ ಮೊದಲನೆಯ ಏಷ್ಯನ್ ಕ್ರೀಡೆಗಳು ನಡೆದುದು ದೆಹಲಿಯ ನ್ಯಾಷನಲ್ ಸ್ಟೇಡಿಯಮ್ಮಿನಲ್ಲಿ. ಅಲ್ಲಿ ಇರಾನನ್ನು ಒಂದೇ ಗೋಲಿನಿಂದ ಸೋಲಿಸಿ ಚಿನ್ನ ಗೆದ್ದ ತಂಡದ ನಾಯಕ ಮೋಹನ್ ಬಾಗಾನಿನ ಶೈಲೇನ್ ಮನ್ನಾ. ಆ ಗೋಲನ್ನು ಹೊಡೆದವರು ಕಲ್ಕತ್ತೆಯಲ್ಲೇ ಆಡುತ್ತಿದ್ದ ಮೇವಾಲಾಲ್. ಆಟಗಾರರನ್ನು ಕಳಿಸಿಕೊಟ್ಟ ಊರಿಗೆ ಮರದ ಹಲಗೆ! ಸಾಗರದಾಚೆಯ ಬ್ರೆಜಿಲಿನವರಂತೂ 1948ರಲ್ಲಿ ಮಾರಕಾನಾ ಕ್ರೀಡಾಂಗಣದ ಕೆಲಸ ಹಿಡಿದು 1950ರ ವಿಶ್ವಕಪ್ಪಿನ ಹೊತ್ತಿಗೆ ಅಲ್ಲಿ ಆಡಿಯೇಬಿಟ್ಟರು. ಮನಸ್ಸಿದ್ದರೆ ಎರಡು ವರ್ಷದ ಕೆಲಸ. ದಕ್ಷಿಣ ಕಲ್ಕತ್ತೆಯ ಕೆರೆಯ ಪಕ್ಕದಲ್ಲಿ ರವೀಂದ್ರ ಸರೋವರ ಕ್ರೀಡಾಂಗಣವೊಂದು ಎದ್ದುದುಂಟು. ಆದರೆ ಅದರಲ್ಲಿ ಹಿಡಿಸುವುದು ಇಪ್ಪತ್ತು ಸಾವಿರದ ಆಸುಪಾಸು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಮುಂದಿನ ವರ್ಷಗಳಲ್ಲಿ ಸರಕಾರಗಳೇ ನಿಲ್ಲಲಿಲ್ಲ. 1968ರಿಂದ 1972ರೊಳಗೆ ಪಶ್ಚಿಮ ಬಂಗಾಳ ಮೂರು ಸಲ ರಾಷ್ಟ್ರಪತಿಗಳ ಆಡಳಿತವನ್ನು ಕಂಡಿತು. ಆಹಾರದ ಅಭಾವ, ನಕ್ಸಲ್ ಗಲಭೆ, 1971ರಲ್ಲಿ ಗಡಿ ದಾಟಿ ಬಂದ ಲಕ್ಷಾಂತರ ನಿರಾಶ್ರಿತರು. ಇವುಗಳ ನಡುವೆ ಚೆಂಡಾಟಕ್ಕೆ ಕ್ರೀಡಾಂಗಣವೆಲ್ಲಿ ಎಂದು ಮಂತ್ರಿಗಳು ಕೇಳಿದ್ದರೆ ಆ ಪ್ರಶ್ನೆಯಲ್ಲಿ ನ್ಯಾಯವಿತ್ತು. ಅಭಿಮಾನಿಯೂ ಅದನ್ನು ಒಪ್ಪಿಕೊಳ್ಳುತ್ತಿದ್ದನೇನೋ. ಅವನ ನಿಜವಾದ ದೂರು ಬೇರೆ. ಇಲ್ಲವೆಂದು ಯಾರೂ ಅವನಿಗೆ ನೇರವಾಗಿ ಹೇಳಲೇ ಇಲ್ಲ. ಇಲ್ಲವೆಂದಿದ್ದರೆ ಬಯ್ದು ಸುಮ್ಮನಾಗುತ್ತಿದ್ದ. ಆಗುತ್ತದೆ, ಆಗಲಿದೆ, ಆಲೋಚನೆಯಲ್ಲಿದೆ ಎಂಬ ಮಾತಿನ ಎದುರು ಬಯ್ಯುವುದಕ್ಕೂ ಬಾರದು, ನಗುವುದಕ್ಕೂ ಬಾರದು. ಹೀಗೆಯೇ ಒಂದು ತಲೆಮಾರಿನ ಹುಡುಗರು ತಲೆ ನರೆತವರಾದರು.

ಕೊನೆಗೆ ದೊಡ್ಡ ಪಂದ್ಯಗಳಿಗೆ ಕ್ರಿಕೆಟ್ಟಿನ ಈಡನ್ ಗಾರ್ಡನ್ಸೇ ಗತಿಯಾಯಿತು. ಜನದಟ್ಟಣೆ ಎಂಥ ಅನಾಹುತವನ್ನು ತರಬಲ್ಲದೆಂಬುದಕ್ಕೆ ಅಲ್ಲಿ 1967ರ ಜನವರಿ 1ರಂದೇ ಸೂಚನೆ ಸಿಕ್ಕಿತ್ತು. ವೆಸ್ಟ್ ಇಂಡೀಸಿನೆದುರು ಟೆಸ್ಟ್ ಪಂದ್ಯ. ಕೂರುವ ಜಾಗಕ್ಕಿಂತ ಹೆಚ್ಚು ಜನ. ಲಾಠಿ, ಬೆಂಕಿ, ಓಟ. 1977ರ ಸೆಪ್ಟೆಂಬರ್ 24ರಂದು ಸಾಕ್ಷಾತ್ ಪೆಲೆಯವರೇ ನ್ಯೂಯಾರ್ಕಿನ ಕಾಸ್ಮಾಸ್ ತಂಡದೊಡನೆ ಬಂದಾಗ ಅವರು ಮೋಹನ್ ಬಾಗಾನಿನೆದುರು ಆಡಿದುದು ಮಳೆಯಲ್ಲಿ ನೆನೆದ ಇದೇ ಕ್ರಿಕೆಟ್ ನೆಲದ ಮೇಲೆ. ಆಟ ಎರಡು ಎರಡರಲ್ಲಿ ಸಮವಾಯಿತು. ಲೋಕದ ದೊಡ್ಡ ಆಟಗಾರ ಬಂದರೂ ಕೂರಿಸಲು ಸ್ವಂತ ಮಣೆಯಿಲ್ಲದೆ ಪಕ್ಕದ ಮನೆಯದನ್ನು ಕೇಳಿ ತಂದ ಹಾಗಾಯಿತಲ್ಲ ಎಂದು ಕೊರಗಿದವರೂ ಇದ್ದಿರಬೇಕು.

1980ರ ಆಗಸ್ಟ್ 16. ಅದೇ ಈಡನ್, ಅದೇ ಎರಡು ತಂಡಗಳು. ಆಟದಲ್ಲಿ ಇಬ್ಬರು ಆಟಗಾರರ ನಡುವೆ ಎದ್ದ ಜಟಾಪಟಿ ಗ್ಯಾಲರಿಗೆ ಹಬ್ಬಿತು. ಎರಡು ಕಡೆಯ ಅಭಿಮಾನಿಗಳೂ ಬೆರೆತು ಕುಳಿತಿದ್ದರು. ಕಲ್ಲು ತೂರಾಟವಾಯಿತು, ಜನ ಹೆದರಿ ಹೊರಬಾಗಿಲಿನ ಕಡೆಗೆ ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಸತ್ತರು. ಬೆಳಿಗ್ಗೆ ಮನೆಯಲ್ಲಿ ಊಟ ಮಾಡಿ, ಸಂಜೆ ಬರುತ್ತೇನೆಂದು ಹೇಳಿ ಹೋಗಿದ್ದವರು. ಇಲಿಷ್ ತರಬೇಕೆ ಸೀಗಡಿ ತರಬೇಕೆ ಎಂದು ಕಾಯುತ್ತಿದ್ದ ಮನೆಗಳಿಗೆ ಅಂದು ರಾತ್ರಿ ಬಂದ ಸುದ್ದಿ ಅದು.

ಹೊಸ ಕ್ರೀಡಾಂಗಣವೊಂದು ಇದ್ದಿದ್ದರೆ ಆ ಹದಿನಾರು ಮಂದಿ ಬದುಕಿರುತ್ತಿದ್ದರೆಂದು ಹೇಳಿಬಿಡುವುದು ಸುಲಭ. ಹಾಗೆಂದು ಆಣೆಯಿಡಲು ಬಾರದು. ಜಗಳ ಜನರದೇ, ಕಲ್ಲು ಜನರದೇ. ಆದರೆ ಬದ್ಧವೈರಿಗಳನ್ನು ಬೇರೆಬೇರೆ ಕೂರಿಸುವ, ಬೇರೆಬೇರೆ ಬಾಗಿಲುಗಳಿಂದ ಒಳಗೆ ಬಿಟ್ಟು ಹೊರಗೆ ಕಳಿಸುವ ಏರ್ಪಾಡನ್ನು ಕಾಲ್ಚೆಂಡಿಗಾಗಿಯೇ ಕಟ್ಟಿದ ಅಂಗಣದಲ್ಲಿ ಮೊದಲೇ ಯೋಚಿಸಬಹುದಿತ್ತು. ಮೂವತ್ತು ವರ್ಷಗಳಿಂದ ಜನ ಕೇಳುತ್ತಿದ್ದುದು ಮೆತ್ತನೆಯ ಆಸನವನ್ನಲ್ಲವಷ್ಟೆ. ಆಗಸ್ಟ್ 16ನ್ನು ಕಲ್ಕತ್ತೆಯವರು ಫುಟ್‌ಬಾಲ್ ಪ್ರೇಮಿಗಳ ದಿನವೆಂದು ನೆನೆಯುತ್ತ ಬಂದಿದ್ದಾರೆ. ಆ ದಿನ ರಕ್ತದಾನ ಮಾಡುವುದು ರೂಢಿಯಾಗಿದೆ.

ಕ್ರೀಡಾಂಗಣ ಬಂದಿತು. 1984ರ ಜನವರಿಯಲ್ಲಿ, ನೆಹರೂ ಕಪ್ ಪಂದ್ಯಗಳೊಡನೆ. ಕೋಟೆಯ ಬುಡದಿಂದ ದೂರ, ಊರಿನ ಪೂರ್ವದಂಚಿನ ಸಾಲ್ಟ್ ಲೇಕಿನಲ್ಲಿ. ಬಿಧಾನಚಂದ್ರರ ಕೊನೆಗಾಲದಲ್ಲಿ, ಹೂಗ್ಲಿಯ ಹೂಳನ್ನು ಕೊಳವೆಗಳಲ್ಲಿ ತಂದು ತುಂಬಿಸಿ ಉಪ್ಪುನೀರಿನ ಜೌಗನ್ನು ನೆಲ ಮಾಡಲು ಆರಂಭಿಸಿದವರು ಯುಗೋಸ್ಲಾವಿಯದವರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಹತ್ತು ಗೋಲು ಹೊಡೆದವರೂ ಅವರೇ. ಅಂದು ನಮ್ಮ ಕಡೆಯ ಏಕಮಾತ್ರ ಗೋಲು ಬೆಂಗಳೂರಿನ ಹಾವಾಡಿಗನದು.

ಹೊಸ ಅಂಗಣದಲ್ಲಿ ಲಕ್ಷಕ್ಕೂ ಮಿಕ್ಕಿ ಜನರಿಗೆ ಸ್ಥಳವಿತ್ತು. 1997ರ ಜುಲೈ 13ರಂದು ಫೆಡರೇಷನ್ ಕಪ್ಪಿನ ಸೆಮಿಫೈನಲ್ಲಿಗೆ 1,31,781 ಜನ ಸೇರಿದರು. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದರು, ಈಸ್ಟ್ ಬೆಂಗಾಲ್ ನಾಲ್ಕು ಒಂದರಿಂದ ಗೆದ್ದಿತು. ಆದರೂ ಹಳಬರ ಗೊಣಗಾಟ ನಿಲ್ಲಲಿಲ್ಲ. ಓಟದ ಪಥವನ್ನು ನಡುವೆ ಹಾಯಿಸಿರುವುದರಿಂದ ಆಟಗಾರರು ಇರುವೆಗಳಂತೆ ಕಾಣುತ್ತಾರಂತೆ. ಮೈದಾನದ ಗ್ಯಾಲರಿಯಲ್ಲಿ ಆಟಗಾರನ ಬಯ್ಗುಳ ಕೂಡ ಕಿವಿಗೆ ಬೀಳುತ್ತಿತ್ತಂತೆ. 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿಗಾಗಿ ಕುರ್ಚಿಗಳನ್ನು ಹಾಕಿ ಅಂಗಣವನ್ನು ನವೀಕರಿಸಿದಾಗ ಸ್ಥಳ ಬಹಳಷ್ಟು ಕಡಿಮೆಯಾಯಿತು. ಇಂಗ್ಲೆಂಡಿನ ಹುಡುಗರು ಸ್ಪೇನನ್ನು ಐದು ಎರಡರಿಂದ ಸೋಲಿಸಿದ ಆ ಅಂತಿಮ ಪಂದ್ಯವನ್ನು ಜನ ಬೆನ್ನಿಗೆ ಆಸರೆಯಿಟ್ಟು ಕುಳಿತು ನೋಡಿದರು.

ಮೈದಾನ ಇನ್ನೂ ಸೇನೆಯದೇ. ಕ್ಲಬ್ಬುಗಳ ಕಚೇರಿಗಳು ಈಗಲೂ ಅಲ್ಲಿಯೇ ಇವೆ. ಅವು ಡೇರೆಗಳಾಗಿದ್ದ ಕಾಲ ಹೋಗಿ ಎಷ್ಟೋ ದಿನವಾಯಿತು. ಆದರೂ ಸದಸ್ಯ ಮಹಾಶಯರು ಸಂಜೆ ಮನೆಯಿಂದ ಹೊರಡುವಾಗ ಹೇಳುವುದು ಟೆಂಟಿಗೆ ಹೋಗಿಬರುತ್ತೇನೆಂದೇ.