ಅತ್ತೆಯೊಂದಿಗೆ ಕ್ಯಾಂಡಿ ಬಸ್ಸಿನಲ್ಲಿ

“ಗಂಡಸರಿಲ್ಲದೆ, ಅದೂ ಪರದೇಶದಲ್ಲಿ, ಬಸ್ಸಿನಲ್ಲಿ ಹೋಗೋದೇ?” ಎಂದರು ನಮ್ಮತ್ತೆ. ಹೋಗೋಣವೆಂದು ಹೊರಟವಳು ನಾನೇ ಆದರೂ ಒಳಗೊಳಗೆ ನನಗೂ ಅದೇ ಪ್ರಶ್ನೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ದೂರದ ಊರಿಗೆ ನಾನಾಗಿ ಟಿಕೆಟ್ ತೆಗೆದದ್ದೇ ಇಲ್ಲ.

2024ರ ಜನವರಿಯ ಮಾತು. ನಮ್ಮವರಿಗೆ ಶ್ರೀಲಂಕಾದ ಕೊಲಂಬೊದಲ್ಲಿ ಹದಿನೈದು ದಿನದ ಕೆಲಸ ಬಿತ್ತು. ಅತ್ತೆಯವರನ್ನು ಬೆಂಗಳೂರಿನಲ್ಲಿ ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ಹಾಗಾಗಿ ಮೂವರೂ ಹೊರಟೆವು. ಮಾವನವರು ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಅವರನ್ನು ಕರೆತಂದು ಎರಡು ವರ್ಷವಾಗಿತ್ತು. ನಲವತ್ತೈದು ವರ್ಷ ತಮ್ಮದೇ ಒಲೆಯ ಮುಂದೆ ಇದ್ದವರು ನನ್ನ ಅಡಿಗೆಮನೆಯಲ್ಲಿ ನೆಂಟರ ಹಾಗೆ ಬಾಗಿಲ ಬಳಿ ನಿಲ್ಲುತ್ತಿದ್ದರು. “ಹಾಲು ಬಂತಾ?”, “ಮಾತ್ರೆ ತೊಗೊಂಡ್ರಾ?” ಇಷ್ಟೇ ನಮ್ಮಿಬ್ಬರ ಮಾತು. ಜಗಳವಾಗಿದ್ದರೆ ಎಷ್ಟೋ ವಾಸಿ ಎನ್ನಿಸುತ್ತಿತ್ತು.

ಕ್ಯಾಂಡಿ ನೋಡದೆ ಹಿಂತಿರುಗಬೇಡಿ ಎಂದು ಎಲ್ಲರೂ ಹೇಳಿದರು. ನಮ್ಮವರಿಗೆ ರಜೆ ಇಲ್ಲ. ಕಾರಿನ ಬಾಡಿಗೆ ಕೇಳಿ ಎದೆ ಧಸಕ್ಕೆಂದಿತು. ಅತ್ತೆಯವರೇ, “ನಿಮ್ಮ ಮಾವ ಇದ್ದಿದ್ರೆ ಇದಕ್ಕೆ ದಂಡ ಅಂತಿದ್ರು” ಎಂದರು. ಸರಿ, ಬಸ್ಸೇ ಗತಿ!

ಬಸ್ ನಿಲ್ದಾಣ ಇರುವುದು ಪೆಟ್ಟಾ ಎಂಬಲ್ಲಿ. ಹೆಸರೂ ನಮ್ಮ ಪೇಟೆಯೇ, ಗಲಾಟೆಯೂ ನಮ್ಮ ಪೇಟೆಯದೇ. ಸರ್ಕಾರಿ ಬಸ್ಸುಗಳಿಗೆ ಕೆಂಪು ಬಣ್ಣ. ಮುಂದುಗಡೆ ಅಶೋಕ್ ಲೇಲ್ಯಾಂಡ್ ಹೆಸರು ಕಂಡು ಅತ್ತೆಯವರಿಗೆ ಸ್ವಲ್ಪ ಧೈರ್ಯ ಬಂತು. ಫಲಕಗಳಲ್ಲಿ ಸಿಂಹಳ, ತಮಿಳು, ಇಂಗ್ಲಿಷ್ ಮೂರೂ ಇರುತ್ತವೆ. ಸಿಂಹಳದ ಅಕ್ಷರ ನಮ್ಮ ಕನ್ನಡದಂತೆಯೇ ದುಂಡು ದುಂಡು. ಓದಿಬಿಡಬಹುದು ಅನ್ನಿಸುತ್ತದೆ, ಹತ್ತಿರ ಹೋದರೆ ಒಂದೂ ಗೊತ್ತಾಗುವುದಿಲ್ಲ. ಅತ್ತೆ ಕನ್ನಡಕ ಏರಿಸಿ ಒಂದು ಬೋರ್ಡಿನೊಂದಿಗೆ ಬಹಳ ಹೊತ್ತು ಹೆಣಗಿದರು.

ಕಂಡಕ್ಟರ್ ಹುಡುಗರು “ನುವರ, ನುವರ!” ಎಂದು ಕೂಗುತ್ತಿದ್ದರು. ಸಿಂಹಳದಲ್ಲಿ ಕ್ಯಾಂಡಿಗೆ ಮಹಾನುವರ ಎಂದು ಹೆಸರು. ನುವರ ಎಂದರೆ ನಗರ. ಇದು ತಿಳಿಯದವರು ಕ್ಯಾಂಡಿ ಬಸ್ಸಿನ ಪಕ್ಕದಲ್ಲೇ ನಿಂತು ಕ್ಯಾಂಡಿ ಬಸ್ಸನ್ನು ಹುಡುಕಬೇಕಾದೀತು! ಎ.ಸಿ. ಇರುವ ಖಾಸಗಿ ಇಂಟರ್‌ಸಿಟಿ ಬಸ್ಸುಗಳೂ ಇವೆ. ನಾವು ಹತ್ತಿದ್ದು ಎಲ್ಲಾ ಕಡೆ ನಿಲ್ಲುವ ಕೆಂಪು ಬಸ್ಸು. ದಾರಿ ಸುಮಾರು 115 ಕಿಲೋಮೀಟರ್, ನಮ್ಮ ಬೆಂಗಳೂರು–ಮೈಸೂರಿಗಿಂತ ಕಡಿಮೆ. ಆದರೆ ನಮಗೆ ಮೂರೂವರೆ ಗಂಟೆಯಾಯಿತು.

ಮಂಡಿನೋವಿನ ಅತ್ತೆ ಹತ್ತಿದವರೇ ಮುಂದಿನ ಸೀಟಿನಲ್ಲಿ ಕೂತರು. ಕಂಡಕ್ಟರ್ ಬಂದು ಕೈಮುಗಿದು ಎಬ್ಬಿಸಿದ. ಅದು ಧರ್ಮಗುರುಗಳಿಗೆ ಮೀಸಲಂತೆ. “ಹಿರಿಯರನ್ನ ಎಬ್ಬಿಸ್ತಾರಲ್ಲೇ!” ಎಂದು ಅವರು ಮುಖ ಕೆಂಪಗೆ ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ಕಾವಿಯುಟ್ಟ, ಹದಿನೈದು ವರ್ಷವೂ ಆಗಿರದ ಒಬ್ಬ ಪುಟ್ಟ ಭಿಕ್ಷು ಬಂದು ಅಲ್ಲಿ ಕೂತ. ಅತ್ತೆ ಅವನನ್ನೇ ನೋಡಿ, “ಪಾಪ, ಮಗು. ನಮ್ಮ ಕಡೆ ಸ್ವಾಮಿಗಳು ಕಾರಲ್ಲಿ ಬರ್ತಾರೆ, ಇವನು ಬಸ್ಸಲ್ಲಿ ಬಂದಿದಾನೆ” ಎಂದರು. ಸಿಟ್ಟು ಇಳಿದಿತ್ತು. ಡ್ರೈವರ್ ತಲೆಯ ಮೇಲೆ ಬುದ್ಧನ ಪಕ್ಕದಲ್ಲೇ ನಮ್ಮ ಗಣಪತಿಯೂ ಬಣ್ಣದ ದೀಪಗಳ ನಡುವೆ ಕೂತಿದ್ದ.

ಮೂವರು ಕೂರುವ ಸೀಟಿನಲ್ಲಿ ತಲೆಗೆ ಸೆರಗು ಹೊದ್ದ ಒಬ್ಬ ಮುಸ್ಲಿಂ ಹೆಂಗಸು ಸರಿದು, ಅತ್ತೆಗೆ ಕಿಟಕಿ ಬಿಟ್ಟುಕೊಟ್ಟರು. ಮಾವನೆಲ್ಲ ಎಂಬ ಊರಿನವರು. ಅವರದು ತಮಿಳು. ಬೆಂಗಳೂರಿನಲ್ಲಿ ತರಕಾರಿ ಕೊಂಡು ಕಲಿತ ತಮಿಳು ನನ್ನದು. ಹೇಗೋ ಮಾತು ನಡೆಯಿತು. 2022ರಲ್ಲಿ ಡೀಸೆಲ್ ಸಿಗದೆ ಬಸ್ಸುಗಳು ನಿಂತಾಗ ಕೊಲಂಬೊದ ಮಗಳ ಬಾಣಂತನಕ್ಕೆ ಹೋಗಲು ಪಟ್ಟ ಪಾಡನ್ನು ಅವರು ಹೇಳಿದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ, ಅತ್ತೆ ಲೊಚಗುಟ್ಟಿದರು.

ಬಸ್ಸು ತುಂಬಿತು. ನಿಂತಿದ್ದ ಶಾಲೆಯ ಹುಡುಗಿಯ ಚೀಲವನ್ನು ಆಕೆ ಕೇಳದೆಯೇ ತೆಗೆದುಕೊಂಡು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಇನ್ನೊಬ್ಬ ಹುಡುಗಿ ನಮ್ಮತ್ತೆಯನ್ನು ನೋಡಿ ನಕ್ಕಳು. ಮಡಿಬಟ್ಟೆಗೆ ನಮ್ಮ ಕೈಯನ್ನೂ ತಾಗಿಸಿಕೊಳ್ಳದ ಅತ್ತೆ ಎರಡೂ ಕೈ ಚಾಚಿ ಆ ಚೀಲ ಇಸಕೊಂಡರು!

ನಿಟ್ಟಂಬುವ ದಾಟಿದ ಮೇಲೆ ಕಜುಗಮ ಬರುತ್ತದೆ. ಕಜು ಎಂದರೆ ಗೋಡಂಬಿ, ಗಮ ಎಂದರೆ ಗ್ರಾಮ. ರಸ್ತೆಯುದ್ದಕ್ಕೂ ಹೆಂಗಸರು ಗೋಡಂಬಿ ಮಾರುತ್ತಾರೆ. ಮುಂದೆ ಬೆತ್ತದ ಕುರ್ಚಿ, ತೊಟ್ಟಿಲುಗಳ ಅಂಗಡಿಸಾಲು. ಆಮೇಲೆ ವರಕಾಪೊಲ. ಇಲ್ಲಿಯ ‘ತಲಗುಳಿ’ ಹೆಸರುವಾಸಿ. ಕಾಗದ ಬಿಚ್ಚಿ ನೋಡಿದರೆ ನಮ್ಮ ಎಳ್ಳುಂಡೆ! ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂತರು. ನಂತರ, “ಸಂಕ್ರಾಂತಿಗೆ ನಿಮ್ಮ ಮಾವನಿಗೆ ನಾನೇ ಕುಟ್ಟಿ ಕೊಡ್ತಿದ್ದೆ. ಎರಡು ವರ್ಷದಿಂದ ಮಾಡಿಲ್ಲ” ಎಂದರು. ಮಾಡಿ ಎಂದು ನಾನೂ ಕೇಳಿರಲಿಲ್ಲ. ಅಂಗಡಿಯಿಂದ ಪೊಟ್ಟಣ ತಂದಿದ್ದೆ.

ವಡೆ ಮಾರುವವನು ಹತ್ತಿದ. ಅತ್ತೆ ಕೈ ಹಾಕುವಷ್ಟರಲ್ಲಿ ಪಕ್ಕದಾಕೆ ಗಪ್ಪನೆ ಅವರ ಕೈ ಹಿಡಿದು, “ಅಮ್ಮಾ, ಅದು ಇರಾಲ್!” ಎಂದರು. ವಡೆಯ ಮೇಲೆ ಸಿಗಡಿ ಕೂತಿತ್ತು! ಶಾಕಾಹಾರಿಗಳು ಗಮನಿಸಿ: ‘ಇಸ್ಸೊ ವಡೆ’ ಎಂದರೆ ಸಿಗಡಿಯದು, ‘ಪರಿಪ್ಪು ವಡೆ’ ಎಂದರೆ ಬೇಳೆಯದು. ಕಾಯಿಚಟ್ನಿಯಂತೆ ಕಾಣುವ ಪೊಲ್ ಸಂಬೋಲಿನಲ್ಲೂ ಸಾಮಾನ್ಯವಾಗಿ ‘ಉಂಬಲಕಡ’ ಎಂಬ ಒಣಮೀನಿನ ಚೂರು ಇರುತ್ತದೆ. ಕೇಳಿಯೇ ತಿನ್ನಬೇಕು.

ಕೆಗಾಲೆ ಆದಮೇಲೆ ಮಾವನೆಲ್ಲ. ಆಕೆ ಅತ್ತೆಯ ಕೆನ್ನೆ ಸವರಿ ಇಳಿದುಹೋದರು. ಹೆಸರು ಕೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಅಲ್ಲಿಂದ ಕಡುಗನ್ನಾವ ಘಾಟಿ. ನಮ್ಮ ಚಾರ್ಮಾಡಿಯ ನೆನಪು ತರುವ ತಿರುವುಗಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಬೆಟ್ಟವನ್ನು ಕೊರೆಯುವವರೆಗೆ ಈ ರಾಜ್ಯ ಪರಕೀಯರ ವಶವಾಗಿ ಉಳಿಯದೆಂಬ ನಂಬಿಕೆ ಹಿಂದೆ ಜನರಲ್ಲಿತ್ತಂತೆ. ಬ್ರಿಟಿಷರು 1815ರಲ್ಲಿ ಕ್ಯಾಂಡಿ ಹಿಡಿದು, 1820ರ ದಶಕದಲ್ಲಿ ಈ ರಸ್ತೆ ಮಾಡಿಸುವಾಗ ಒಂದು ಬಂಡೆಯನ್ನು ಕೊರೆದೇಬಿಟ್ಟರು. ರಸ್ತೆ ಮಾಡಿಸಿದ ಕ್ಯಾಪ್ಟನ್ ಡಾಸನ್ನನ ನೆನಪಿಗೆ ಘಾಟಿಯ ತುದಿಯಲ್ಲಿ ಎತ್ತರದ ಗೋಪುರವಿದೆ. ಬಸ್ಸು ವಾಲಿದ ಒಂದು ತಿರುವಿನಲ್ಲಿ ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದರು. ಘಾಟಿ ಮುಗಿದು ಪೆರಾದೆನಿಯದ ಸಸ್ಯೋದ್ಯಾನ ಬಂದರೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಕ್ಯಾಂಡಿಯಲ್ಲಿ ಬುದ್ಧನ ದಂತವಿರುವ ಗುಡಿಗೆ ದಳದಾ ಮಾಳಿಗಾವ ಎನ್ನುತ್ತಾರೆ. “ನಮ್ಮ ಮಾಳಿಗೆಯೇ ಕಣೇ” ಎಂದು ಅತ್ತೆ ಅರ್ಥ ಹೇಳಿಕೊಟ್ಟರು. ಚಪ್ಪಲಿ ಬಿಟ್ಟು, ತಾವರೆ ಅರ್ಪಿಸಿ, ಕೆರೆಯ ಕಟ್ಟೆಯ ಮೇಲೆ ಬುತ್ತಿಯ ಚಿತ್ರಾನ್ನ ತಿಂದೆವು. ಆ ಕೆರೆ ಕಟ್ಟಿಸಿದವನು ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹ. ಮಧುರೆ ಕಡೆಯಿಂದ ಬಂದ ನಾಯಕ ವಂಶದವನು. ಬ್ರಿಟಿಷರು ಅವನನ್ನು ನಮ್ಮ ವೆಲ್ಲೂರಿಗೆ ಗಡೀಪಾರು ಮಾಡಿದರು, 1832ರಲ್ಲಿ ಅಲ್ಲೇ ತೀರಿಕೊಂಡ. “ಅವನಿಗೆ ತನ್ನ ಮನೆಗೆ ವಾಪಸ್ಸು ಬರೋಕೆ ಆಗಲಿಲ್ಲ ಅನ್ನು” ಎಂದರು ಅತ್ತೆ. ನಾನು ಕೆರೆಯ ನೀರನ್ನೇ ನೋಡುತ್ತಿದ್ದೆ.

ಬೆಂಗಳೂರಿಗೆ ಬಂದ ಮಾರನೆಯ ದಿನ ಎದ್ದು ನೋಡಿದರೆ ಅಡಿಗೆಮನೆಯಲ್ಲಿ ಕುಟ್ಟುವ ಸದ್ದು. ಒಂದು ತೆಂಗಿನಕಾಯಿ ತುರಿ, ಎಂಟು ಒಣಮೆಣಸಿನಕಾಯಿ, ಒಂದು ಹಿಡಿ ಸಾಂಬಾರ್ ಈರುಳ್ಳಿ, ಉಪ್ಪು. ನೀರು ಹಾಕದೆ ತರಿತರಿಯಾಗಿ ಕುಟ್ಟಿ, ಕೊನೆಗೆ ಒಂದು ನಿಂಬೆಹಣ್ಣು ಹಿಂಡಬೇಕು. ಮೀನಿಲ್ಲದ ಪೊಲ್ ಸಂಬೋಲ್! ಶಾವಿಗೆಗೂ ದೋಸೆಗೂ ಬಲು ರುಚಿ. ನನ್ನನ್ನು ಕೇಳದೆ ಅವರು ಆ ಮನೆಯಲ್ಲಿ ಮಾಡಿದ ಮೊದಲ ಅಡಿಗೆ ಅದು.

2025ರ ನವೆಂಬರಿನಲ್ಲಿ ಕಡುಗನ್ನಾವದಲ್ಲಿ ಗುಡ್ಡ ಕುಸಿಯಿತು. ಅದರ ಹಿಂದೆಯೇ ದಿತ್ವಾ ಚಂಡಮಾರುತ ಬಂದು ಶ್ರೀಲಂಕಾದಲ್ಲಿ ನೂರಾರು ಜನರು ಸತ್ತರು. ನಾವು ಹೋದ ದಾರಿಯೇ ಮುಚ್ಚಿಹೋಗಿತ್ತು. ಟಿ.ವಿ.ಯಲ್ಲಿ ಕೆಸರು ತುಂಬಿದ ಮನೆಗಳನ್ನು ತೋರಿಸುವಾಗ ಅತ್ತೆ ತೊಳೆಯುತ್ತಿದ್ದ ಅಕ್ಕಿ ಬಿಟ್ಟು ಬಂದು ನಿಂತರು.

“ಆ ಮಾವನೆಲ್ಲದಾಕೆ ಹೇಗಿದಾಳೋ. ಹೆಸರಾದರೂ ಕೇಳಬಾರದಿತ್ತೇನೇ?” ಎಂದರು.

ಈಗಲೂ ಅಲ್ಲಿ ಜೋರು ಮಳೆಯೆಂದು ಸುದ್ದಿ ಬಂದರೆ ಅದನ್ನೇ ಕೇಳುತ್ತಾರೆ.